ಕಚ್ಛ್‌ನಲ್ಲಿ ಸಿಕ್ಕಿದ ಕಾಲಿದ್ದ ತಿಮಿಂಗಿಲ: ಎಲುಬು ನೋಡಿ ತಿಮಿಂಗಿಲ ಅಂತ ಹೇಗೆ ಹೇಳ್ತಾರೆ?

ಉಳ್ಳಾಲ ಕಡಲಕರೆ:
ನಮ್ಮ ಫ್ರೆಂಡ್ಸ್ ಗ್ರೂಪಿನಲ್ಲಿ ನಿನ್ನೆಯಿಂದ ಇದೇ ಚರ್ಚೆ. ಯಾರೋ ಒಂದು ಚಿತ್ರ ಹಾಕಿದ್ದಾರೆ. ಉದ್ದ ಮೂತಿ, ನಾಲ್ಕು ಗಿಡ್ಡ ಕಾಲು, ದಪ್ಪ ಬಾಲ. ನೋಡ್ಲಿಕ್ಕೆ ನೀರುನಾಯಿಯ ಹಾಗೆಯೇ ಉಂಟು. ಅಡಿಯಲ್ಲಿ "ಕಚ್ಛಿಸೀಟಸ್, ಗುಜರಾತಿನ ಕಚ್ಛ್‌ನಲ್ಲಿ ಸಿಕ್ಕಿದ ತಿಮಿಂಗಿಲ" ಅಂತ ಬರೆದಿದೆ. ಅರ್ಧ ಜನ ಸುಳ್ಳು ಅಂತಾರೆ, ಅರ್ಧ ಜನ ಸತ್ಯ ಅಂತಾರೆ, ಆಧಾರ ಮಾತ್ರ ಯಾರೂ ಕೊಡ್ಲಿಲ್ಲ.

ಇಂಥ ಪ್ರಾಣಿ ನಿಜವಾಗಿ ಇತ್ತಾ? ಇದ್ದರೂ ಕಾಲಿದ್ದದ್ದನ್ನು ತಿಮಿಂಗಿಲ ಅಂತ ಯಾವ ಲೆಕ್ಕದಲ್ಲಿ ಕರೆದರು? ಮತ್ತೆ, ಅದೇ ಅರಬ್ಬಿ ಸಮುದ್ರದ ದಡದಲ್ಲಿ ನಾವೂ ಇದ್ದೇವಲ್ಲ, ನಮ್ಮ ಕಡೆ ಯಾಕೆ ಒಂದು ಎಲುಬೂ ಸಿಕ್ಕಿದ ಸುದ್ದಿ ಇಲ್ಲ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಕುಡ್ಲದ ಕುವರ:
ಕಂಪ್ಯೂಟರ್ ಚಿತ್ರ ಮಾರಾಯ್ರೆ. ಈಗ ಯಾರು ಬೇಕಾದ್ರೂ ಇಂಥದ್ದನ್ನು ಮಾಡಿ ಬಿಡ್ತಾರೆ.

ಕಾಪು ಟೀಚರ್:
ಚಿತ್ರ ಯಾರು ಬಿಡಿಸಿದ್ದೋ, ಪ್ರಾಣಿ ಮಾತ್ರ ನಿಜ. ಕಚ್ಛಿಸೀಟಸ್ ಮಿನಿಮಸ್ ಅಂತ ಪೂರ್ತಿ ಹೆಸರು. ಪಳೆಯುಳಿಕೆ ತಜ್ಞರಾದ ನಮ್ಮ ಸುನಿಲ್ ಬಾಜಪೇಯಿ ಮತ್ತು ಅಮೆರಿಕದ ಹಾನ್ಸ್ ತೆವಿಸ್ಸೆನ್ ಸೇರಿ 2000ನೇ ಇಸವಿಯಲ್ಲಿ ಹೆಸರಿಟ್ಟದ್ದು. ಸುಮಾರು 4.5 ಕೋಟಿ ವರ್ಷ ಹಿಂದಿನದು, ಉದ್ದ ಎರಡೂವರೆ ಮೀಟರಿನ ಆಸುಪಾಸು. ಆ ಕಾಲದ ಅತಿ ಚಿಕ್ಕ ತಿಮಿಂಗಿಲಗಳಲ್ಲಿ ಒಂದು.

ಅದೊಂದೇ ಅಲ್ಲ. ಕಚ್ಛ್‌ನ ಹರೂಡಿ ಎಂಬ ಊರಿನ ಹೆಸರನ್ನೇ ಹೊತ್ತ ರೆಮಿಂಗ್ಟನೊಸೀಟಸ್ ಹರೂಡಿಯೆನ್ಸಿಸ್ ಉಂಟು. ಬಾಬಿಯಾ ಗುಡ್ಡದ ಹೆಸರಿನ ಬಾಬಿಯಾಸೀಟಸ್ ಉಂಟು. ಅಶೋಕ್ ಸಾಹ್ನಿಯವರು 1970ರ ದಶಕದಲ್ಲೇ ಕಚ್ಛ್‌ನ ತಿಮಿಂಗಿಲಗಳ ಬಗ್ಗೆ ಬರೆದಿದ್ದಾರೆ. ತಿಮಿಂಗಿಲ ನೆಲದಿಂದ ನೀರಿಗೆ ಇಳಿದ ಕಥೆಯ ಮೊದಲ ಅಧ್ಯಾಯಗಳೆಲ್ಲ ಭಾರತ ಮತ್ತು ಪಾಕಿಸ್ತಾನದ ಕಲ್ಲುಗಳಲ್ಲೇ ಸಿಕ್ಕಿದ್ದು. ನಮ್ಮ ಮಕ್ಕಳಿಗೆ ಅಮೆರಿಕದ ಡೈನೊಸಾರ್‌ಗಳ ಹೆಸರು ಬಾಯಿಪಾಠ, ಇದರ ಹೆಸರನ್ನು ಒಬ್ಬರೂ ಕೇಳಿಲ್ಲ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಬೂತಾಯಿ ಪುಳಿಮುಂಚಿ:
ಟೀಚರೇ, ಕಚ್ಛ್ ಅಂದ್ರೆ ಮರುಭೂಮಿ ಅಲ್ವಾ? ಅಲ್ಲಿ ತಿಮಿಂಗಿಲ ಎಲ್ಲಿಂದ ಬಂತು?

ಕಾಪು ಟೀಚರ್:
ಈಗ ಒಣ ನೆಲ. ಆಗ ಅಲ್ಲಿ ಬೆಚ್ಚಗಿನ ಆಳವಿಲ್ಲದ ಸಮುದ್ರ, ಕೆಸರು ತುಂಬಿದ ಹಿನ್ನೀರು. ಭಾರತದ ಭೂಭಾಗ ಏಷ್ಯಾಕ್ಕೆ ಬಂದು ತಾಗುತ್ತಿದ್ದ ಕಾಲ ಅದು. ನಡುವೆ ಇದ್ದ ಟೆಥಿಸ್ ಸಮುದ್ರ ಮುಚ್ಚುತ್ತಾ ಬಂತು, ಹಿಮಾಲಯ ಮೇಲೆದ್ದಿತು. ಆ ಸಮುದ್ರದ ಅಂಚಿನ ಕೆಸರೇ ಈಗ ಕಲ್ಲಾಗಿರುವುದು.

ಕುಂದಾಪ್ರ ಮಾಣಿ:
ಹ್ವಾಯ್, ನಮ್ ಬದಿಗೆ ಬಲಿಗೆ ತಿಮಿಂಗಿಲ ಬಿದ್ದದ್ ನಾನೇ ಕಂಡಿದ್ದೆ. ಮೈ ತುಂಬ ಬಿಳಿ ಚುಕ್ಕಿ. ಬದಿಯಲ್ಲ್ ಉದ್ದುದ್ದ ಕಿವಿರು ಇತ್ತ್. ಬಲಿ ಕತ್ತರ್ಸಿ ಬಿಟ್ರ್. ಅದ್ಕೆ ಕಾಲೂ ಇಲ್ಲ ಎಂತದೂ ಇಲ್ಲ.

ಮಲ್ಪೆ ತಾಂಡೇಲ:
ಮಾಣಿ, ನೀನು ನೋಡಿದ್ದು ತಿಮಿಂಗಿಲ ಅಲ್ಲ. ಚುಕ್ಕಿ ಇರುವ ದೊಡ್ಡ ಶಾರ್ಕ್, ತಿಮಿಂಗಿಲ ಶಾರ್ಕ್ ಅಂತಾರೆ. ಕಿವಿರು ಉಂಟು ಅಂತ ನೀನೇ ಹೇಳಿದ್ದೀ, ಅಲ್ಲಿಗೆ ಅದು ಮೀನು. ತಿಮಿಂಗಿಲಕ್ಕೆ ಕಿವಿರು ಇಲ್ಲ, ಉಸಿರು ತೆಗೀಲಿಕ್ಕೆ ಮೇಲೆ ಬರಲೇಬೇಕು.

ಆಳಸಮುದ್ರಕ್ಕೆ ಹೋದಾಗ ನಿಜವಾದ ತಿಮಿಂಗಿಲ ಕಾಣ್ಲಿಕ್ಕೆ ಸಿಗ್ತದೆ. ಮೊದಲು ಬುಸ್ ಅಂತ ಶಬ್ದ ಕೇಳ್ತದೆ, ಆಮೇಲೆ ಹಬೆ ಮೇಲೆ ಹೋಗ್ತದೆ, ಮತ್ತೆ ಕಪ್ಪು ಬೆನ್ನು ನಿಧಾನ ಜಾರಿ ಹೋಗ್ತದೆ, ಹಿಂದಿನಿಂದ ಸಣ್ಣ ಕೊಕ್ಕೆಯಂಥ ಬೆನ್ನಿನ ರೆಕ್ಕೆ. ಗಾಳಿ ನಮ್ಮ ಕಡೆ ಇದ್ದರೆ ಅದರ ಉಸಿರಿನ ನಾತ ಬೋಟಿಗೆ ಬರ್ತದೆ. ಬಾಲ ನೋಡಿದ್ರೆ ಗೊತ್ತಾಗಿಬಿಡ್ತದೆ. ಅಂಜಲ್ ಆಗಲಿ ತಾಟೆ ಆಗಲಿ, ಮೀನಿನ ಬಾಲ ನಿಂತುಕೊಂಡಿರ್ತದೆ, ಎಡಬಲ ಬೀಸ್ತದೆ. ತಿಮಿಂಗಿಲದ ಬಾಲ ಮಲಗಿರ್ತದೆ, ಮೇಲೆ ಕೆಳಗೆ ಹೊಡೀತದೆ.

ಕಾಪು ಟೀಚರ್:
ತಾಂಡೇಲಣ್ಣ ಹೇಳಿದ ಆ ಬಾಲದಲ್ಲೇ ಅರ್ಧ ಉತ್ತರ ಉಂಟು. ನೆಲದ ಮೇಲೆ ಓಡುವ ಸಸ್ತನಿಯ ಬೆನ್ನು ಮೇಲೆ ಕೆಳಗೆ ಬಾಗ್ತದೆ, ಜಿಗಿದು ಓಡುವ ನಾಯಿಯನ್ನು ನೋಡಿ. ಮೀನಿನ, ಹಲ್ಲಿಯ, ಮೊಸಳೆಯ ಬೆನ್ನು ಎಡಬಲ ಬಾಗ್ತದೆ. ನೀರಿಗೆ ಇಳಿದ ಮೇಲೂ ತಿಮಿಂಗಿಲ ತನ್ನ ಅಜ್ಜಂದಿರ ಬೆನ್ನನ್ನೇ ಉಳಿಸಿಕೊಂಡಿದೆ.

ಪ್ರಶ್ನೆ ಕೇಳುವವ:
ನಾನು ವಿಜ್ಞಾನಕ್ಕೆ ವಿರೋಧಿ ಅಲ್ಲ. ಆದ್ರೆ ಇದೆಲ್ಲ ತುಂಬ ಸಡಿಲ ವಾದ ಅನ್ನಿಸ್ತದೆ. ನೀರುನಾಯಿಯ ಬೆನ್ನೂ ಮೇಲೆ ಕೆಳಗೆ ಬಾಗ್ತದೆ, ಅದು ತಿಮಿಂಗಿಲ ಅಲ್ಲ. ಮೂತಿ ಉದ್ದ ಅಂದ್ರೆ ಮೊಸಳೆಗೂ ಉದ್ದ. ನಾಲ್ಕು ಕಾಲಿನ ಒಂದು ಪ್ರಾಣಿ ನೀರಿನ ಹತ್ತಿರ ಇತ್ತು, ಸತ್ತಿತು, ವಂಶ ಮುಗೀತು. ಅದಕ್ಕೆ ತಿಮಿಂಗಿಲದ ಹೆಸರು ಅಂಟಿಸ್ಲಿಕ್ಕೆ ಗಟ್ಟಿ ಕಾರಣ ಏನು? ಉಳ್ಳಾಲದವರ ಎರಡನೇ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಕಿನ್ನಿಗೋಳಿ ಪಶುವೈದ್ಯ:
ಪ್ರಶ್ನೆ ಸರಿಯಾದದ್ದೇ. ಮೂತಿ, ಕಾಲು, ಬಾಲ ನೋಡಿ ಯಾರೂ ತೀರ್ಮಾನ ಮಾಡಿದ್ದಲ್ಲ. ತೀರ್ಮಾನ ಆಗುವುದು ಕಿವಿಯ ಎಲುಬಿನಲ್ಲಿ.

ಸಸ್ತನಿಗಳ ಮಧ್ಯಕಿವಿಯನ್ನು ಕೆಳಗಿನಿಂದ ಮುಚ್ಚಿಕೊಂಡು ಒಂದು ಪೊಳ್ಳು ಎಲುಬು ಇರ್ತದೆ, ಟಿಂಪಾನಿಕ್ ಬುಲ್ಲಾ ಅಂತಾರೆ. ನಾಯಿ, ಆಡಿನಲ್ಲೆಲ್ಲ ಅದರ ಗೋಡೆ ತೆಳು. ತಿಮಿಂಗಿಲ, ಡಾಲ್ಫಿನ್‌ಗಳಲ್ಲಿ ಹೊರಗೋಡೆ ತೆಳು, ಒಳಗೋಡೆ ಮಾತ್ರ ವಿಪರೀತ ದಪ್ಪ ಮತ್ತು ಭಾರ. ಬಿಡಿಸಿ ಅಂಗೈ ಮೇಲೆ ಇಟ್ಟರೆ ದೊಡ್ಡ ಕವಡೆಯ ಹಾಗೆ ಕಾಣ್ತದೆ: ಒಂದು ಬದಿ ಉಬ್ಬಿಕೊಂಡ ದಪ್ಪ ಅಂಚು, ಪಕ್ಕದಲ್ಲಿ ಉದ್ದಕ್ಕೆ ಸೀಳು. ಆ ದಪ್ಪ ಅಂಚಿಗೆ ಇನ್ವೊಲೂಕ್ರಮ್ ಅಂತ ಹೆಸರು. ಈಗ ಬದುಕಿರುವ ಪ್ರಾಣಿಗಳಲ್ಲಿ ತಿಮಿಂಗಿಲ ಬಳಗ ಬಿಟ್ಟರೆ ಬೇರೆ ಯಾವುದರಲ್ಲೂ ಅದು ಇಲ್ಲ. ನೀರುನಾಯಿಗೂ ಇಲ್ಲ, ಮೊಸಳೆಗೂ ಇಲ್ಲ. 1981ರಲ್ಲಿ ಜಿಂಜರಿಚ್ ಮತ್ತು ರಸೆಲ್ ಎಂಬ ವಿಜ್ಞಾನಿಗಳು ಪಾಕಿಸ್ತಾನದ ಸುಮಾರು 5 ಕೋಟಿ ವರ್ಷ ಹಳೆಯ ತಲೆಬುರುಡೆಯನ್ನು ಪಾಕಿಸೀಟಸ್ ಅಂತ ಹೆಸರಿಸಿ ತಿಮಿಂಗಿಲದ ಸಾಲಿಗೆ ಸೇರಿಸಿದಾಗ ಆ ಬುರುಡೆಯಲ್ಲಿ ಇದ್ದದ್ದು ಇದೇ ಕಿವಿ.

ಇನ್ನೊಂದು ಸಾಕ್ಷಿ ಕೆಳದವಡೆ. ಈಗಿನ ಡಾಲ್ಫಿನ್ ಶಬ್ದ ಕೇಳುವುದು ದವಡೆಯ ಮೂಲಕ. ದವಡೆಯ ಹಿಂಭಾಗದಲ್ಲಿ ದೊಡ್ಡ ತೂತು, ಅದರಲ್ಲಿ ಕೊಬ್ಬು, ನೀರಿನ ಕಂಪನ ಆ ಕೊಬ್ಬಿನಿಂದ ನೇರ ಕಿವಿಗೆ. ಪಾಕಿಸೀಟಸ್‌ನಲ್ಲಿ ಆ ತೂತು ಸಣ್ಣದು. ಕಚ್ಛ್‌ನ ರೆಮಿಂಗ್ಟನೊಸೀಟಸ್‌ಗೆ ಬರುವಾಗ ದೊಡ್ಡದಾಗಿದೆ. ಕಾಲು ಇನ್ನೂ ಇದ್ದಾಗಲೇ ಕಿವಿ ನೀರಿಗೆ ಒಗ್ಗಿಕೊಂಡಿತ್ತು.

ಕಾಲಿನಲ್ಲೂ ಸಾಕ್ಷಿ ಉಂಟು. ಆಡಿನ ಹಿಂಗಾಲಿನ ಗಂಟಿನಲ್ಲಿ ಒಂದು ಚಿಕ್ಕ ಎಲುಬು ಸಿಗ್ತದೆ, ಮಟನ್ ಅಂಗಡಿಯಲ್ಲಿ ಕೇಳಿ ನೋಡಿ. ಅದರ ಮೇಲೂ ಕೆಳಗೂ ಎರಡು ತುದಿಯಲ್ಲಿ ರಾಟೆಯಂತೆ ತಗ್ಗು. ನಾಯಿ, ಬೆಕ್ಕು, ಕುದುರೆ ಯಾವುದಕ್ಕೂ ಎರಡು ತುದಿಯಲ್ಲಿ ಹಾಗೆ ಇಲ್ಲ. ದನ, ಆಡು, ಹಂದಿ, ಜಿಂಕೆ, ಹಿಪ್ಪೊ, ಅಂದ್ರೆ ಸಮಗೊರಸಿನವುಗಳಿಗೆ ಮಾತ್ರ. 2001ರಲ್ಲಿ ಹಳೆಯ ತಿಮಿಂಗಿಲಗಳ ಅದೇ ಎಲುಬು ಪಾಕಿಸ್ತಾನದಲ್ಲಿ ಸಿಕ್ಕಿತು, ಎರಡೂ ತುದಿಯಲ್ಲಿ ತಗ್ಗು ಇತ್ತು. ಡಿಎನ್‌ಎ ಅದಕ್ಕಿಂತ ಮೊದಲೇ ಹಿಪ್ಪೊ ಕಡೆಗೆ ಬೆರಳು ತೋರಿಸಿತ್ತು, ಎಲುಬು ನೋಡುವವರು ಒಪ್ಪಿರಲಿಲ್ಲ. ಆ ಎಲುಬು ಬಂದ ಮೇಲೆ ವಾದ ಬಹುಮಟ್ಟಿಗೆ ನಿಂತಿತು.

ಪಡುಬಿದ್ರಿ ಅಕ್ಕ:
ಡಾಕ್ಟ್ರೇ, ಇಷ್ಟು ಚೆನ್ನಾಗಿ ಶಾಲೆಯಲ್ಲಿ ಯಾರೂ ಹೇಳಿಕೊಡ್ಲಿಲ್ಲ ನಮಗೆ.

ಕುಡ್ಲದ ಕುವರ:
ಹಿಪ್ಪೊ ನೀರಿಗಿಳಿದು ತಿಮಿಂಗಿಲ ಆದದ್ದಾ ಹಾಗಾದ್ರೆ?

ಕಾಪು ಟೀಚರ್:
ಅಲ್ಲ. ಹಿಪ್ಪೊ ದಾಯಾದಿ, ಅಜ್ಜ ಅಲ್ಲ. ಅಜ್ಜನ ಕಡೆಯದ್ದು ಬೇಕಾದ್ರೆ ಇಂಡೊಹಯಸ್ ನೋಡಬೇಕು. ಆ ಕಥೆ ಗೊತ್ತುಂಟಾ?

ಎ. ರಂಗ ರಾವ್ ಎಂಬ ಭೂವಿಜ್ಞಾನಿ ಜಮ್ಮುವಿನ ಕಾಲಾಕೋಟ್ ಹತ್ತಿರ ರಾಶಿ ಕಲ್ಲು ಸಂಗ್ರಹಿಸಿದ್ರು, 1971ರಲ್ಲಿ ಒಂದಿಷ್ಟು ಹಲ್ಲು, ದವಡೆ ನೋಡಿ ಇಂಡೊಹಯಸ್ ಅಂತ ಹೆಸರಿಟ್ರು. ಒಡೆಯದ ಕಲ್ಲುಗಳು ಮನೆಯಲ್ಲೇ ಉಳಿದವು. ಅವರು ತೀರಿಕೊಂಡ ಮೇಲೆ ಅವರ ಪತ್ನಿ ಕಾಪಾಡಿಕೊಂಡು ಬಂದು ತೆವಿಸ್ಸೆನ್ ಅವರಿಗೆ ಕೊಟ್ಟರು. ಅಲ್ಲಿ ಕೆಲಸದವರೊಬ್ಬರು ಬುರುಡೆ ಬಿಡಿಸುವಾಗ ಕಿವಿಯ ಎಲುಬು ಮುರಿಯಿತು. ಮುರಿದ ಜಾಗದಲ್ಲಿ ಕಂಡದ್ದು ಡಾಕ್ಟ್ರು ಹೇಳಿದ ದಪ್ಪ ಗೋಡೆ! 2007ರಲ್ಲಿ ಪ್ರಕಟ ಆಯ್ತು. ಬೆಕ್ಕಿನ ಗಾತ್ರದ, ಗೊರಸಿನ ಪ್ರಾಣಿ. ನಮ್ಮ ಘಟ್ಟದ ಕಾಡಿನಲ್ಲಿರುವ ಬರ್ಕ ಎಂಬ ಪುಟ್ಟ ಜಿಂಕೆಯಂಥ ಪ್ರಾಣಿಯ ಮೈಕಟ್ಟು. ಕಾಲಿನ ಎಲುಬು ಮಾತ್ರ ದಪ್ಪ, ನೀರಿನಲ್ಲಿ ತೇಲದೆ ತಳದಲ್ಲಿ ನಡೆಯುವ ಪ್ರಾಣಿಗಳದ್ದು ಹಾಗೆ ಇರ್ತದೆ.

ಒಂದು ಮನೆಯ ಹೆಂಗಸು ಆ ಕಲ್ಲುಗಳನ್ನು ಹೊರಗೆ ಎಸೆಯದೆ ಇಟ್ಟುಕೊಂಡ ಕಾರಣಕ್ಕೆ ಇವತ್ತು ಈ ಕೊಂಡಿ ನಮ್ಮ ಕೈಯಲ್ಲಿದೆ.

ಪ್ರಶ್ನೆ ಕೇಳುವವ:
ಸಿಕ್ಕಿಬಿದ್ದಿರಿ ಟೀಚರೇ. ಆ ದಪ್ಪ ಗೋಡೆ ಇದ್ದರೆ ತಿಮಿಂಗಿಲ ಅಂತ ಡಾಕ್ಟ್ರು ಹೇಳಿದ್ದು. ಇಂಡೊಹಯಸ್‌ಗೂ ಇದೆ ಅಂತ ನೀವು. ಹಾಗಾದ್ರೆ ಬರ್ಕನಂಥ ಅದೂ ತಿಮಿಂಗಿಲವಾ?

ಕಿನ್ನಿಗೋಳಿ ಪಶುವೈದ್ಯ:
ನಾನು ಬರೆದದ್ದು "ಈಗ ಬದುಕಿರುವ ಪ್ರಾಣಿಗಳಲ್ಲಿ" ಅಂತ, ಮೇಲೆ ಹೋಗಿ ಓದಿ. ಅಳಿದವುಗಳಲ್ಲಿ ಗಡಿ ಮಸುಕಾಗಲೇಬೇಕು, ಇಲ್ಲದಿದ್ರೆ ಒಂದರಿಂದ ಇನ್ನೊಂದು ಬಂದದ್ದು ಹೇಗೆ? ಇಂಡೊಹಯಸ್‌ನ ಹಲ್ಲು, ಮೂತಿ, ಬುರುಡೆಯ ಅಳತೆ ತಿಮಿಂಗಿಲದ್ದಲ್ಲ, ಅದಕ್ಕೇ ಅದನ್ನು ಪಕ್ಕದ ಕವಲು ಅಂತ ಇಟ್ಟಿದ್ದಾರೆ. ಕಚ್ಛಿಸೀಟಸ್‌ನ ಬಳಗ ಹಾಗಲ್ಲ. ಕಿವಿ, ಮೂತಿ, ಹಲ್ಲು ಎಲ್ಲ ಒಂದೇ ಕಡೆ ಬೆರಳು ತೋರಿಸ್ತವೆ. ಸಾಲದ್ದಕ್ಕೆ 2002ರಲ್ಲಿ ಈ ಹಳೆಯ ತಿಮಿಂಗಿಲಗಳ ಒಳಕಿವಿಯನ್ನು ಸ್ಕ್ಯಾನ್ ಮಾಡಿ ನೋಡಿದ್ರು. ಮೈಯ ತೋಲ ಹಿಡಿಯುವ ಅರ್ಧವೃತ್ತದ ನಾಳಗಳು ನೆಲದ ಪ್ರಾಣಿಗಳಿಗೆ ಹೋಲಿಸಿದರೆ ತೀರ ಸಣ್ಣ, ಈಗಿನ ತಿಮಿಂಗಿಲದಷ್ಟೇ. ಆ ಗುಂಪು ನೆಲದಲ್ಲಿ ಚುರುಕಾಗಿ ಓಡುವ ಬದುಕನ್ನು ಆಗಲೇ ಬಿಟ್ಟಾಗಿತ್ತು.

ಪ್ರಶ್ನೆ ಕೇಳುವವ:
ಇದು ವಾದ. ಬರೀ ಮೂತಿ, ಬಾಲದ ಮಾತಾಗಿದ್ರೆ ನಾನು ಒಪ್ಪುತ್ತಿರಲಿಲ್ಲ.

ಬೂತಾಯಿ ಪುಳಿಮುಂಚಿ:
ಕಚ್ಛ್ ಅಂದಾಗ ನೆನಪಾಯ್ತು, ಅಲ್ಲೇ ಅಲ್ವಾ ವಾಸುಕಿ ಸರ್ಪ ಸಿಕ್ಕಿದ್ದು? ಪೇಪರಿನಲ್ಲಿ ಬಂದಿತ್ತು.

ಕಾಪು ಟೀಚರ್:
ಹೌದು, ಪನಂಧ್ರೊ ಲಿಗ್ನೈಟ್ ಗಣಿಯಲ್ಲಿ. ಬೆನ್ನೆಲುಬಿನ 27 ತುಂಡುಗಳು. 2024ರ ಏಪ್ರಿಲ್‌ನಲ್ಲಿ ವಾಸುಕಿ ಇಂಡಿಕಸ್ ಅಂತ ಹೆಸರಿಟ್ಟರು, ಉದ್ದ 11ರಿಂದ 15 ಮೀಟರ್ ಅಂದಾಜು. ಆ ಕೆಲಸದಲ್ಲೂ ಇದೇ ಬಾಜಪೇಯಿಯವರಿದ್ದರು. ಕಾಲ ಸುಮಾರು 4.7 ಕೋಟಿ ವರ್ಷ, ಅಂದ್ರೆ ತಿಮಿಂಗಿಲಗಳು ಕೆಸರಿನಲ್ಲಿ ಓಡಾಡ್ತಿದ್ದ ಅದೇ ಯುಗ.

ಕುಡ್ಲದ ಕುವರ:
ಕುಕ್ಕೆಯ ವಾಸುಕಿ ನಿಜ ಅಂತ ಆಯ್ತಲ್ಲ ಹಾಗಾದ್ರೆ!

ಪಡುಬಿದ್ರಿ ಅಕ್ಕ:
ಕುವರಣ್ಣ, ಅವರು ಹೆಸರು ಇಟ್ಟದ್ದು ಅಷ್ಟೇ. ನಾಗನ ನಂಬಿಕೆಗೆ ಕಚ್ಛ್‌ನ ಎಲುಬು ಬೇಕಾಗಿಲ್ಲ, ಎಲುಬಿಗೆ ನಮ್ಮ ನಂಬಿಕೆ ಬೇಕಾಗಿಲ್ಲ. ಎರಡನ್ನೂ ಅದರದರ ಜಾಗದಲ್ಲಿ ಇಡುವ.

ಕುಂದಾಪ್ರ ಮಾಣಿ:
ತಿಮಿಂಗಿಲದ್ ವಾಂತಿ ಕೆಜಿಗೆ ಕೋಟಿ ಅಂಬ್ರಲ್ಲ, ಆ ಹಳೇದರದ್ದೂ ಸಿಕ್ಕುಗಾ?

ಮಲ್ಪೆ ತಾಂಡೇಲ:
ಅದು ಸ್ಪರ್ಮ್ ತಿಮಿಂಗಿಲದ ಹೊಟ್ಟೆಯಲ್ಲಿ ಮಾತ್ರ ಆಗುವಂಥದ್ದು. ಇಟ್ಟುಕೊಂಡ್ರೂ ಮಾರಿದ್ರೂ 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸು. ದಡದಲ್ಲಿ ಕಂಡರೆ ಅರಣ್ಯ ಇಲಾಖೆಗೆ ಹೇಳಿ, ಕೈ ಹಾಕ್ಬೇಡಿ.

ಉಳ್ಳಾಲ ಕಡಲಕರೆ:
ಚರ್ಚೆ ಎಲ್ಲೆಲ್ಲಿಗೋ ಹೋಯ್ತು. ನನ್ನ ಮೂರನೇ ಪ್ರಶ್ನೆ ಹಾಗೇ ಉಂಟು. ನಮ್ಮ ಕಡೆ ಯಾಕಿಲ್ಲ?

ಮುರಕಲ್ಲು:
ಕಲ್ಲಿನ ವಿಷಯ ನನಗೆ ಬಿಡಿ. ಪಳೆಯುಳಿಕೆ ಸಿಗಬೇಕಾದ್ರೆ ಆ ಕಾಲದ ಕೆಸರು ಕಲ್ಲಾಗಿ ಈಗ ಮೇಲೆ ಕಾಣುವಂತೆ ಇರಬೇಕು. ಕಚ್ಛ್‌ನಲ್ಲಿ ಅದು ಉಂಟು. ನಮ್ಮಲ್ಲಿ ಏನುಂಟು ನೋಡಿ.

ಕಾರ್ಕಳದ ಗೊಮ್ಮಟ ನಿಂತಿರುವಂಥ ಹೆಬ್ಬಂಡೆಗಳು, ಅವುಗಳ ಬುಡದ ಶಿಲೆ, ಎಲ್ಲ 250 ಕೋಟಿ ವರ್ಷಕ್ಕೂ ಹಿಂದಿನ ಕಾಲದ್ದು. ಎಲುಬು ಎನ್ನುವ ವಸ್ತುವೇ ಆಗ ಹುಟ್ಟಿರಲಿಲ್ಲ. ಅದರ ಮೇಲೆ ಮುರಕಲ್ಲು. ಮುರಕಲ್ಲು ಅಂದ್ರೆ ಮಳೆ ಮತ್ತು ಸೆಖೆ ಸೇರಿ ಹಳೆಯ ಕಲ್ಲನ್ನು ಕೊಳೆಸಿ, ಸಿಲಿಕಾ ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿಸಿದ್ದು. ಹುಳಿ ನೀರು ಇಳಿಯುವ ಅಂಥ ಮಣ್ಣಿನಲ್ಲಿ ಎಲುಬಿನ ಸುಣ್ಣ ನಿಲ್ಲುವುದೇ ಇಲ್ಲ. ಮನೆ ಕಟ್ಟಲಿಕ್ಕೆ ಅದಕ್ಕಿಂತ ಒಳ್ಳೆ ಕಲ್ಲಿಲ್ಲ, ಪಳೆಯುಳಿಕೆಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ.

ಕಡಲ ಬದಿಯ ಮರಳು, ಹೊಳೆಯ ಮೆಕ್ಕಲು ತೀರ ಇತ್ತೀಚಿನದು. ನಮ್ಮಲ್ಲಿ 4.5 ಕೋಟಿ ವರ್ಷದ ಪುಟವೇ ನೆಲದ ಮೇಲೆ ಇಲ್ಲ.

ಪಡುಬಿದ್ರಿ ಅಕ್ಕ:
ಸೇಂಟ್ ಮೇರೀಸ್ ದ್ವೀಪದಲ್ಲಿ ಚಿಪ್ಪಿನ ರಾಶಿಯೇ ಉಂಟಲ್ಲ?

ಮುರಕಲ್ಲು:
ಅದು ಈಗಿನ ಸಮುದ್ರ ತಂದು ಹಾಕಿದ ಚಿಪ್ಪು ಅಕ್ಕ, ಪಳೆಯುಳಿಕೆ ಅಲ್ಲ. ದ್ವೀಪದ ಕಂಬದಂಥ ಕಲ್ಲುಗಳು ಲಾವಾ ತಣಿದು ಆದದ್ದು, ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿದ್ದ ಹೊತ್ತಿನಲ್ಲಿ. ಕರಗಿದ ಕಲ್ಲಿನಲ್ಲಿ ಎಲುಬು ಉಳಿಯುವುದಿಲ್ಲ. ಉಳಿದರೂ ತಿಮಿಂಗಿಲದ್ದಾಗಲು ಸಾಧ್ಯವಿಲ್ಲ, ಆಗ ತಿಮಿಂಗಿಲವೇ ಇರಲಿಲ್ಲ.

ತಾಂಡೇಲಣ್ಣನಿಗೆ ಒಂದು ಮಾತು. ನೀವು ಬಲೆ ಬಿಡುವ ಕಡಲಿನ ತಳದಡಿ, ತುಂಬ ಆಳದಲ್ಲಿ, ಆ ಯುಗದ ಪದರ ಉಂಟು. ತೈಲ ಹುಡುಕುವವರು ಕೇರಳ-ಕೊಂಕಣ ಬೇಸಿನ್ ಅಂತ ಕರೆಯುವುದು ಅದನ್ನೇ. ಮೇಲೆ ಬಂದಿದ್ದರೆ ನಮ್ಮ ಕರಾವಳಿಯ ಕಥೆಯೇ ಬೇರೆ ಆಗ್ತಿತ್ತು. ತೆಂಕಕ್ಕೆ ಕೊಲ್ಲಂವರೆಗೆ ಹೋದರೆ ನೆಲದ ಮೇಲೆಯೇ ಕಡಲಚಿಪ್ಪಿನ ಸುಣ್ಣಕಲ್ಲು ಸಿಗ್ತದೆ, ಅದು ಕಚ್ಛ್‌ನ ತಿಮಿಂಗಿಲಕ್ಕಿಂತ ಬಹಳ ಈಚಿನದು.

ಕುಡ್ಲದ ಕುವರ:
ಸರಿ, ಎಲ್ಲಕ್ಕಿಂತ ದೊಡ್ಡ ಹಳೆಯ ತಿಮಿಂಗಿಲ ಯಾವುದು? ಪೆರುವಿನದ್ದು ನೀಲಿ ತಿಮಿಂಗಿಲಕ್ಕಿಂತ ಭಾರ ಅಂತ ಎಲ್ಲ ಕಡೆ ಬಂದಿತ್ತು.

ಕಾಪು ಟೀಚರ್:
ಪೆರುಸೀಟಸ್, 2023. 13 ಬೆನ್ನೆಲುಬು, 4 ಪಕ್ಕೆಲುಬು, ಸೊಂಟದ ಒಂದು ತುಂಡು, ಇಷ್ಟೇ ಸಿಕ್ಕಿದ್ದು. ಅದರಿಂದ 85ರಿಂದ 340 ಟನ್ ಅಂದರು. ಮರುವರ್ಷವೇ ಬೇರೆಯವರು ಲೆಕ್ಕ ಹಾಕಿ 60ರಿಂದ 114 ಟನ್‌ಗೆ ಇಳಿಸಿದರು. ಎರಡನೇ ಸುದ್ದಿ ಯಾವ ಗ್ರೂಪಿಗೂ ಬರ್ಲಿಲ್ಲ!

ಉದ್ದದ ಮಾತಾದರೆ ಬೆಸಿಲೊಸಾರಸ್, 15ರಿಂದ 18 ಮೀಟರ್. 1834ರಲ್ಲಿ ರಿಚರ್ಡ್ ಹಾರ್ಲನ್ ಅದನ್ನು ಸರೀಸೃಪ ಅಂತ ತಿಳಿದು ಹೆಸರಿಟ್ಟ. ರಿಚರ್ಡ್ ಓವನ್ ಹಲ್ಲಿಗೆ ಎರಡು ಬೇರು ನೋಡಿ ಇದು ಸಸ್ತನಿ ಅಂದ. 1845ರಲ್ಲಿ ಆಲ್ಬರ್ಟ್ ಕಾಕ್ ಎಂಬವ ಇಂಥ ಎಲುಬುಗಳನ್ನು ಒಂದಕ್ಕೊಂದು ಜೋಡಿಸಿ 114 ಅಡಿಯ ಕಡಲ ಸರ್ಪ ಅಂತ ನ್ಯೂಯಾರ್ಕಿನಲ್ಲಿ ದುಡ್ಡಿಗೆ ತೋರಿಸಿದ. ಜೆಫ್ರೀಸ್ ವೈಮನ್ ಎಂಬ ಅಂಗರಚನಾ ತಜ್ಞರು ಹೋಗಿ ಹಲ್ಲು ನೋಡಿ, ಇದು ಹಾವೂ ಅಲ್ಲ, ಒಂದೇ ಪ್ರಾಣಿಯದ್ದೂ ಅಲ್ಲ ಅಂತ ಬಯಲು ಮಾಡಿದ್ರು.

ಬೂತಾಯಿ ಪುಳಿಮುಂಚಿ:
ಸುಳ್ಳು ಫೋಟೊ ಹರಡುವವರು ಆಗಲೂ ಇದ್ರು ಅಂತಾಯ್ತು.

ಕಿನ್ನಿಗೋಳಿ ಪಶುವೈದ್ಯ:
ಬೆಸಿಲೊಸಾರಸ್‌ಗೂ ಹಿಂಗಾಲು ಉಂಟು. ಈಜಿಪ್ಟಿನ ವಾದಿ ಅಲ್ ಹಿತಾನ್‌ನಲ್ಲಿ ಜಿಂಜರಿಚ್ ತಂಡಕ್ಕೆ 1989ರಲ್ಲಿ ಸಿಕ್ಕಿತು. ಅಷ್ಟುದ್ದದ ಪ್ರಾಣಿಗೆ ಮನುಷ್ಯನ ಕಾಲಿನಷ್ಟೂ ಉದ್ದವಿಲ್ಲದ ಕಾಲು, ಆದರೆ ಮೊಣಕಾಲು, ಹಿಮ್ಮಡಿ, ಬೆರಳು ಎಲ್ಲ ಇದ್ದವು. ಮೈ ಹೊರುವ ಕೆಲಸ ಅದರಿಂದ ಆಗುವುದಿಲ್ಲ. ಈಗಿನ ತಿಮಿಂಗಿಲಗಳಲ್ಲಿ ಬೆನ್ನೆಲುಬಿಗೆ ತಾಗದ ಸೊಂಟದ ಎರಡು ತುಂಡು ಮಾಂಸದೊಳಗೆ ಉಳಿದಿವೆ. ಆ ಮರಳುಗಾಡಿನಲ್ಲಿ ನೂರಾರು ತಿಮಿಂಗಿಲಗಳ ಎಲುಬು ಬಿದ್ದಿದೆ, 2005ರಿಂದ ಅದು ವಿಶ್ವ ಪರಂಪರೆಯ ತಾಣ.

ಕಾಪು ಟೀಚರ್:
ಈಜಿಪ್ಟಿನವರು ಮರಳುಗಾಡನ್ನೇ ಮ್ಯೂಸಿಯಂ ಮಾಡಿದರು. ನಾವು ಕಚ್ಛ್‌ನ ಹೆಸರನ್ನು ಪಾಠಪುಸ್ತಕದ ಒಂದು ಸಾಲಿಗಾದರೂ ತರಬೇಕಲ್ಲ? ಪಿಲಿಕುಳದ ವಿಜ್ಞಾನ ಕೇಂದ್ರದಲ್ಲಿ ಎರಡೂವರೆ ಮೀಟರಿನ ಕಚ್ಛಿಸೀಟಸ್ ಮಾದರಿ, ಪಕ್ಕದಲ್ಲಿ ಆ ಕಿವಿಯ ಎಲುಬಿನ ಅಚ್ಚು ಇಟ್ಟರೆ ಮಕ್ಕಳು ಕೈಯಲ್ಲಿ ಹಿಡಿದು ನೋಡಬಹುದು. ನಾನು ಪತ್ರ ಬರೀತೇನೆ, ಸಹಿ ಹಾಕುವವರು ಇಲ್ಲೇ ತಿಳಿಸಿ.

ಮಲ್ಪೆ ತಾಂಡೇಲ:
ನನ್ನ ಸಹಿ ಉಂಟು.

ಪ್ರಶ್ನೆ ಕೇಳುವವ:
ನನ್ನದೂ. ಮಾದರಿಯ ಪಕ್ಕ ಆಡಿನ ಕಾಲಿನ ಎಲುಬನ್ನೂ ಇಡ್ಲಿಕ್ಕೆ ಹೇಳಿ.

ಪಡುಬಿದ್ರಿ ಅಕ್ಕ:
ನನ್ನದೂ ಸೇರಿಸಿ. ಆದ್ರೆ ಒಂದು ಸಂಶಯ ಉಳಿದಿದೆ. ಕಾಲಿದ್ದ ಕಾಲದಲ್ಲಿ ಇವು ಮರಿ ಹಾಕ್ತಿದ್ದದ್ದು ನೀರಿನಲ್ಲೋ ನೆಲದಲ್ಲೋ?

ಕಿನ್ನಿಗೋಳಿ ಪಶುವೈದ್ಯ:
ಇದಕ್ಕೂ ಒಂದು ಎಲುಬುಗೂಡು ಉಂಟು ಅಕ್ಕ. ಪಾಕಿಸ್ತಾನದ ಮಾಯಾಸೀಟಸ್, 2009ರಲ್ಲಿ ವಿವರ ಬಂತು. ದೊಡ್ಡ ಎಲುಬುಗೂಡಿನ ಒಳಗೆ ಒಂದು ಚಿಕ್ಕದು, ತಲೆ ಹಿಂದಕ್ಕೆ, ಅಂದ್ರೆ ಹೊರಬರುವ ದಾರಿಯ ಕಡೆಗೆ. ದನ, ಆಡು ಹಾಕುವಾಗ ತಲೆ ಮೊದಲು ಬರ್ತದೆ. ಈಗಿನ ತಿಮಿಂಗಿಲಗಳಲ್ಲಿ ಸಾಮಾನ್ಯವಾಗಿ ಬಾಲ ಮೊದಲು. ಹಾಗಾಗಿ ಇವು ದಡಕ್ಕೆ ಬಂದು ಹೆರುತ್ತಿದ್ದವು ಅಂತ ಜಿಂಜರಿಚ್ ತಂಡದ ವಾದ.

ಪ್ರಶ್ನೆ ಕೇಳುವವ:
ತಿಂದ ಪ್ರಾಣಿಯ ಎಲುಬು ಆಗಿರಬಹುದಲ್ಲ?

ಕಿನ್ನಿಗೋಳಿ ಪಶುವೈದ್ಯ:
ಆ ಆಕ್ಷೇಪ ಎತ್ತಿದ ತಜ್ಞರೂ ಇದ್ದಾರೆ, ವಾದ ಮುಗಿದಿಲ್ಲ. ಮರಿಯೇ ಅನ್ನುವವರ ಪರವಾಗಿ ಅದರ ದವಡೆಹಲ್ಲುಗಳು ಉಂಟು, ಹುಟ್ಟುವ ಮೊದಲೇ ಗಟ್ಟಿಯಾಗ್ತಾ ಬಂದಿದ್ದವು. ಹುಟ್ಟಿದ ಕೂಡಲೇ ಎದ್ದು ಓಡಾಡಬೇಕಾದ ಕರುವಿನಲ್ಲಿ ನಾನು ದಿನಾ ನೋಡುವುದು ಅದನ್ನೇ. ನನ್ನ ಮತ ಮರಿಯ ಕಡೆಗೆ.